ಕೆಂಚನನ್ನು ವಾಪಸ್ ಕೊಡುವ ವಿಚಾರ

ಪ್ರೀತಿಯ ಸೀನ,

ಡಿಸೆಂಬರ್‌ನಲ್ಲಿ ಬಂದು ಕೆಂಚನನ್ನು ಕರೆದುಕೊಂಡು ಹೋಗ್ತೀನಿ ಅಂತ ಮೊನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗ ಸುಮ್ನೆ ಹೂಂ ಅಂದೆ. ಅಮ್ಮ ಪಕ್ಕದಲ್ಲೇ ಕೂತು ಅವರೆಕಾಯಿ ಬಿಡಿಸುತ್ತಿದ್ದಳು, ಜಾಸ್ತಿ ಮಾತಾಡುವ ಹಾಗಿರಲಿಲ್ಲ. ನಾಯಿ ನಿನ್ನದೇ ಕಣೋ, ಅದರಲ್ಲಿ ತಕರಾರಿಲ್ಲ. ಆದರೆ ನೀನು ಪುಣೆಗೆ ಹೋಗುವಾಗ ನಮ್ಮನೆ ಜಗಲಿಯಲ್ಲಿ ಕಟ್ಟಿ ಹೋದ ನಾಯಿ ಇದಲ್ಲ. ಇವನನ್ನು ನಿನ್ನ ಬೆಂಗಳೂರಿನ ಏಳನೇ ಮಹಡಿ ಮನೆಗೆ ಸಾಗಿಸುವ ಮೊದಲು ಹೋದ ಭಾನುವಾರದ ಕತೆ ಪೂರ್ತಿ ಕೇಳು. ಆಮೇಲೆ ನಿನ್ನಿಷ್ಟ.

ದಸರಾ ಗಲಾಟೆ ಮುಗಿದಿತ್ತು. ಚಿತ್ತೆ ಮಳೆ ಚೆನ್ನಾಗಿ ಹೊಡೆದು ಆಕಾಶ ತೊಳೆದ ಹಾಗಿತ್ತು. ಬೆಟ್ಟಕ್ಕೆ ಹೋಗಲು ನಮ್ಮ ಸೀಮೆಯಲ್ಲಿ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಬೇಸಿಗೆಯಲ್ಲಿ ಬಂಡೆ ಕಾಲಿಡಲು ಬಿಡುವುದಿಲ್ಲ, ಮಳೆ ಶುರುವಾದರೆ ಜಾರುತ್ತದೆ. ಜೋಗಿಮಟ್ಟಿಗೆ ಹೋಗಬಹುದಿತ್ತು, ಮನೆಯಿಂದ ಹತ್ತಿರ. ಆದರೆ ಅದು ವನ್ಯಧಾಮ, ನಾಯಿ ತರುವ ಹಾಗಿಲ್ಲ. ತರಲೂಬಾರದು ಅನ್ನುವವನು ನಾನು. ಊರ ನಾಯಿಗಳಿಂದ ಡಿಸ್ಟೆಂಪರ್‌ನಂಥ ರೋಗ ಕಾಡಿನ ನರಿ ತೋಳಗಳಿಗೆ ಹತ್ತಿದರೆ ಅವಕ್ಕೆ ಇಂಜೆಕ್ಷನ್ ಚುಚ್ಚುವವರು ಯಾರು? ದುರ್ಗದ ಕೋಟೆ ಮೇಲಂತೂ ಕೋತಿಗಳ ದರ್ಬಾರು. ಅದಕ್ಕೇ ಮೊಳಕಾಲ್ಮೂರು ಕಡೆಗೆ ಹೊರಟೆವು. ನಾನು, ಚಿಕ್ಕಪ್ಪನ ಮಗ ತಿಪ್ಪ, ಅವನ ಹಳೇ ಓಮ್ನಿ, ಹಿಂದಿನ ಸೀಟಿನಲ್ಲಿ ಗೋಣಿಚೀಲದ ಮೇಲೆ ಕೆಂಚ.

ಚಳ್ಳಕೆರೆ ದಾಟುವ ಹೊತ್ತಿಗೆ ಬೆಳಕು ಹರಿಯುತ್ತಿತ್ತು. ರಸ್ತೆಯ ಎರಡೂ ಕಡೆ ಶೇಂಗಾ ಕಿತ್ತು ರಾಶಿ ಹಾಕಿದ್ದರು. ಕಿಟಕಿ ಇಳಿಸಿದರೆ ಹಸಿ ಬಳ್ಳಿಯ ವಾಸನೆ, ಹಸಿ ಮಣ್ಣಿನ ವಾಸನೆ. ಕೆಂಚ ಮೂಗನ್ನು ಹೊರಗೆ ಚಾಚಿದವನು ತಳಕು ಬರುವವರೆಗೂ ಒಳಗೆ ತೆಗೆದುಕೊಳ್ಳಲಿಲ್ಲ.

ಮೊದಲು ಹತ್ತಿದ್ದು ಬ್ರಹ್ಮಗಿರಿ. ಅಶೋಕ ಸಿದ್ದಾಪುರದ ಪಕ್ಕದಲ್ಲೇ ಇದೆಯಲ್ಲ, ಹೈಸ್ಕೂಲಿನಲ್ಲಿ ಮೇಷ್ಟ್ರು ಬಸ್ಸಿನಲ್ಲಿ ಕರೆದುಕೊಂಡು ಹೋಗಿ ಅಶೋಕನ ಶಾಸನ ತೋರಿಸಿ, ಚಿತ್ರಾನ್ನ ತಿನ್ನಿಸಿ ವಾಪಸ್ ತಂದಿದ್ದರು, ನೆನಪಿದೆಯಾ? ಆಗ ಬೆಟ್ಟವನ್ನು ಕೆಳಗಿನಿಂದ ನೋಡಿದ್ದಷ್ಟೇ. ಬಯಲಿನಿಂದ ಸುಮಾರು 600 ಅಡಿ ಎದ್ದು ನಿಂತಿದೆ. ಎತ್ತರ ದೊಡ್ಡದಲ್ಲ, ದಾರಿ ಇಲ್ಲದಿರುವುದೇ ದೊಡ್ಡದು. ಗುಂಡಿನ ಮೇಲೆ ಗುಂಡು, ನಡುವೆ ಸಂದು, ಸಂದಿನಲ್ಲಿ ಕಾರೆ, ಕವಳೆ, ಸೀತಾಫಲದ ಗಿಡ. ಅರ್ಧ ಬೆಟ್ಟ ನಡೆಯುವುದು, ಇನ್ನರ್ಧ ಕೈ ಊರಿ ಮೊಣಕಾಲು ಊರಿ ಏರುವುದು.

ಬುಡದಲ್ಲೇ ಇವನ ತಮಾಷೆ ಶುರುವಾಯಿತು. ಅಲ್ಲಿ ಹಳೇ ಕಾಲದ ಕಲ್ಲಿನ ವೃತ್ತಗಳಿವೆ, ಸತ್ತವರನ್ನು ಹೂತ ಬೃಹತ್ ಶಿಲಾಯುಗದ ಗೋರಿಗಳು. 1947ರಲ್ಲಿ ಮಾರ್ಟಿಮರ್ ವೀಲರ್ ಬಂದು ಉತ್ಖನನ ಮಾಡಿದ ಜಾಗ. ಕೆಂಚ ಒಂದು ಕಲ್ಲಿನ ಹತ್ತಿರ ನಿಂತು, ಮೂಸಿ, ಮುಂಗಾಲಲ್ಲಿ ಕೆರೆಯಲು ಹೊರಟ. ಪುರಾತತ್ವ ಇಲಾಖೆಯವರು ಯಾರಾದರೂ ನೋಡಿದ್ದರೆ ನಮ್ಮ ಮೂವರನ್ನೂ ಕೂರಿಸುತ್ತಿದ್ದರು. ಎಳೆದುಕೊಂಡು ಹೋದೆ.

ಬಿಸಿಲು ಪೂರ್ತಿ ಬಿದ್ದ ಮೇಲೇ ಹತ್ತಲು ಶುರು ಮಾಡಿದ್ದು. ಇದು ಸೋಮಾರಿತನ ಅಲ್ಲ. ಈ ಕಡೆ ಬಂಡೆಗಳಲ್ಲಿ ಕರಡಿ ಇರುತ್ತದೆ, ಚಿರತೆಯೂ ಇರುತ್ತದೆ, ಎರಡೂ ಓಡಾಡುವುದು ಮಬ್ಬಿನಲ್ಲಿ. ಸೀತಾಫಲ ಹಣ್ಣಾಗುವ ಕಾಲದಲ್ಲಂತೂ ಕರಡಿ ಪೊದೆಯೊಳಗೇ ಕೂತಿರಬಹುದು. ನಾಯಿ ಜೊತೆಗಿದ್ದರೆ ಧೈರ್ಯ ಅಂತ ಜನ ತಿಳಿದಿದ್ದಾರೆ. ಕರಡಿ ವಿಷಯದಲ್ಲಿ ಅದು ಉಲ್ಟಾ. ಬಿಟ್ಟ ನಾಯಿ ಬೊಗಳುತ್ತಾ ಮುಂದೆ ನುಗ್ಗುತ್ತದೆ, ಕರಡಿ ತಿರುಗಿ ಬಿದ್ದರೆ ಸೀದಾ ಯಜಮಾನನ ಹತ್ತಿರ ಓಡಿ ಬರುತ್ತದೆ, ಹಿಂದೆ ಕರಡಿಯನ್ನೂ ಕರೆದುಕೊಂಡು. ಅದಕ್ಕೇ ಹಗ್ಗ ಬಿಚ್ಚಲಿಲ್ಲ. ಇವನದ್ದು ಮುಧೋಳ ಬೇಟೆನಾಯಿಯ ರಕ್ತ ಬೇರೆ, ಅರ್ಧವೋ ಕಾಲೋ. ಮೊಲ ಕಣ್ಣಿಗೆ ಬಿದ್ದರೆ ಕಿವಿ ಕೇಳುವುದಿಲ್ಲ.

ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಿದ್ದ ತಾತ ಒಬ್ಬರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, "ಏನ್ರಪ್ಪಾ, ಚಿರತೆಗೆ ಊಟ ತಂದೀರಾ?" ಅಂದರು. ತಿಪ್ಪ ನಕ್ಕ. ನನಗೆ ನಗು ಬರಲಿಲ್ಲ. ಅವರ ನಾಯಿ ಕೆಂಚನ ಸುತ್ತ ಎರಡು ಸಲ ತಿರುಗಿ, ಇದು ಪೇಟೆಯದು ಅಂತ ತೀರ್ಮಾನ ಮಾಡಿದ್ದಕ್ಕೋ ಏನೋ ಹೋಗಿ ನೆರಳಲ್ಲಿ ಮಲಗಿತು. ಯಾವ ಕಡೆಯಿಂದ ಹತ್ತಬೇಕು ಅಂತ ಕೇಳಿದ್ದಕ್ಕೆ ತಾತ ಕೋಲು ಎತ್ತಿ, "ಕುರಿ ಹಿಕ್ಕೆ ಎಲ್ಲಿ ತನಕ ಐತೋ ಅಲ್ಲಿ ತನಕ ದಾರಿ ಐತೆ" ಅಂದರು. ಇಷ್ಟು ಸರಿಯಾಗಿ ದಾರಿ ಹೇಳುವ ಆ್ಯಪ್ ನನ್ನ ಫೋನಿನಲ್ಲಿ ಇಲ್ಲ.

ಈಗ ಮುಖ್ಯ ವಿಷಯ. ನಾಯಿ ಬಂಡೆ ಹತ್ತುವುದನ್ನು ನೀನು ಹತ್ತಿರದಿಂದ ನೋಡಿಲ್ಲ. ಉಗುರು ಊರಿ ಹತ್ತುತ್ತದೆ ಅಂತ ನಾನೂ ಅಂದುಕೊಂಡಿದ್ದೆ. ಬೋಳು ಬಂಡೆ ಮೇಲೆ ಉಗುರು ಬರೀ ಕಿರ್ ಕಿರ್ ಅನ್ನುತ್ತದೆ, ಹಿಡಿತ ಇರುವುದು ಅಂಗಾಲಿನಲ್ಲಿ. ಇಳಿಜಾರು ಹಾಸುಬಂಡೆ ಬಂದಾಗ ಕೆಂಚ ಒಂದು ಕ್ಷಣ ನಿಂತು, ಬೆರಳುಗಳನ್ನು ಅಗಲ ಮಾಡಿ, ಮೈಯನ್ನು ತಗ್ಗಿಸಿ, ಹಿಂಗಾಲಲ್ಲಿ ಒಂದೇ ಸಲ ನೂಕಿಕೊಂಡು ಮೇಲೆ ಹೋಗಿ ಅಲ್ಲಿ ಕೂತು ನಮ್ಮನ್ನು ನೋಡುತ್ತಾನೆ. ನಾವಿಬ್ಬರೂ ಎಲ್ಲಿ ಕೈ ಹಾಕಲಿ, ಎಲ್ಲಿ ಕಾಲಿಡಲಿ ಅಂತ ಪಂಚಾಯಿತಿ ಮಾಡುತ್ತಾ ನಿಂತಿರುತ್ತೇವೆ. ಸಂದಿನ ಹತ್ತಿರ ಮಾತ್ರ ಅವನ ಆಟ ನಡೆಯುವುದಿಲ್ಲ. ಎರಡು ಗುಂಡುಗಳ ನಡುವೆ ಬೆನ್ನು ಒಂದು ಕಡೆ, ಕಾಲು ಒಂದು ಕಡೆ ಒತ್ತಿ ಏರಬೇಕಾದ ಕಡೆ ಅವನು ಸುಮ್ನೆ ನಿಂತು ಕುಂಯ್ ಅನ್ನುತ್ತಾನೆ. ಎತ್ತಿ ಕೊಡೋಣ ಅಂದ ತಿಪ್ಪ. ನಾನು ಬೇಡ ಅಂದೆ. ಒದ್ದಾಡುವ ನಾಯಿಯನ್ನು ಎತ್ತಿಕೊಂಡು ಬಂಡೆ ಮೇಲೆ ನಿಲ್ಲುವುದು ಬುದ್ಧಿವಂತರ ಕೆಲಸ ಅಲ್ಲ, ಮೇಲೆ ಹೋಗುವುದು ಹೇಗೋ ಆದರೂ ಅದೇ ಜಾಗದಲ್ಲಿ ಇಳಿಸುವಾಗ ಯಾರಾದರೊಬ್ಬರು ಬೀಳುತ್ತಾರೆ. ಹಗ್ಗ ಸಡಿಲ ಬಿಟ್ಟೆ. ಅವನು ಎಡಕ್ಕೆ ಹೋದ, ಪೊದೆಯ ಅಡಿ ನುಸುಳಿದ, ನಾವು ಮುಳ್ಳು ಬೈದುಕೊಂಡು ತೆವಳಿದೆವು. ಆ ಕಡೆ ಕುರಿ ದಾರಿ ಇತ್ತು. ತಾತ ಹೇಳಿದ ಹಿಕ್ಕೆಯೂ ಇತ್ತು.

ಹೀಗೆ ಸುತ್ತಿಕೊಂಡು ಹೋಗಿದ್ದಕ್ಕೆ ಒಂದು ದೊಣೆ ಸಿಕ್ಕಿತು ನೋಡು. ಬಂಡೆಯ ಗುಳಿಯಲ್ಲಿ ಮಳೆ ನೀರು, ಬಾನಿಯಷ್ಟು ಅಗಲ. ನಮಗಿಂತ ಮೊದಲೇ ಅವನಿಗೆ ವಾಸನೆ ಬಡಿದಿತ್ತು. ಅಂಚಿನಲ್ಲಿ ಓತಿಕ್ಯಾತ ಒಂದು ತಲೆ ಕುಣಿಸುತ್ತಾ ಕೂತಿತ್ತು, ಮೈಯೆಲ್ಲ ಕೆಂಪು ಕಪ್ಪು. ಕೆಂಚ ಅದನ್ನು ನೋಡಿದ, ನೀರನ್ನು ನೋಡಿದ, ನೀರನ್ನೇ ಆರಿಸಿಕೊಂಡ. ಕರ್ನಾಟಕದಲ್ಲೇ ಮಳೆ ಕಡಿಮೆ ಬೀಳುವ ತಾಲ್ಲೂಕುಗಳಲ್ಲಿ ಇದೊಂದು, ಅಂಥ ಊರಿನ ಬಂಡೆ ತಲೆ ಮೇಲೆ ಸ್ಫಟಿಕದಂಥ ನೀರು. ನಾವು ತಂದ ಬಾಟಲಿ ನೀರು ಬಗ್ಗಿಸಿದರೆ ಮುಖ ತಿರುಗಿಸಿದ, ಕಳ್ಳ.

ನೆತ್ತಿಯ ಮೇಲೆ ಗಾಳಿ ಚೆನ್ನಾಗಿತ್ತು. ಕೆಳಗೆ ಶೇಂಗಾ ಹೊಲ, ಅಲ್ಲಲ್ಲಿ ಕೆರೆ ಮಿನುಗು, ದೂರಕ್ಕೆ ಆಂಧ್ರದ ಗುಡ್ಡಗಳು, ಇನ್ನೊಂದು ಕಡೆ ಜಟಿಂಗ ರಾಮೇಶ್ವರ. ಜೋಳದ ರೊಟ್ಟಿ, ಶೇಂಗಾ ಚಟ್ನಿ ನಮಗೆ. ಅವನಿಗೆ ಬೇಯಿಸಿದ ಮೊಟ್ಟೆ ಮತ್ತು ಅಮ್ಮ ಡಬ್ಬಿಯಲ್ಲಿ ಕಟ್ಟಿಕೊಟ್ಟ ಮೊಸರನ್ನ. ಒಗ್ಗರಣೆ ಹಾಕಿರಲಿಲ್ಲ, ನಾಯಿಗೆ ಈರುಳ್ಳಿ ಬೆಳ್ಳುಳ್ಳಿ ಆಗುವುದಿಲ್ಲ ಅಂತ ಎಲ್ಲೋ ಕೇಳಿ ಬಂದಿದ್ದಾಳೆ. ನಾಯಿ ಮನೆಯೊಳಗೆ ಬಂದರೆ ನಾನು ಹೊರಗೆ ಅಂತ ಹೇಳುತ್ತಿದ್ದ ನಮ್ಮ ಅಮ್ಮ ಇವಳೇ.

ಹತ್ತುವುದಕ್ಕಿಂತ ಇಳಿಯುವುದೇ ಅವನಿಗೆ ಕಷ್ಟ. ನಾಯಿಯ ಭಾರದಲ್ಲಿ ಶೇಕಡಾ 60ರಷ್ಟು ಮುಂಗಾಲ ಮೇಲೇ ಇರುತ್ತದೆ. ಇಳಿಜಾರಿನಲ್ಲಿ ಅದು ಇನ್ನೂ ಜಾಸ್ತಿಯಾಗಿ ಭುಜ, ಮಣಿಕಟ್ಟು ಎರಡಕ್ಕೂ ಪೆಟ್ಟು. ಜಿಗಿದುಬಿಡೋಣ ಅಂತ ಅವನ ಆತುರ. ನಾನು ಮೊದಲು ಇಳಿದು, ಕೆಳಗೆ ನಿಂತು, ಎದೆಗೆ ಕೈ ಕೊಟ್ಟು, ಒಂದೊಂದೇ ಮೆಟ್ಟಿಲಿನಂತೆ ಇಳಿಸಿದೆ. ಹೊತ್ತು ಹಿಡಿಯಿತು. ಹನ್ನೊಂದು ಗಂಟೆ ಹೊತ್ತಿಗೆ ಬಂಡೆ ಮೇಲೆ ಅಂಗೈ ಹಿಂಭಾಗ ಇಟ್ಟು ನೋಡಿದರೆ ಸುಡಲು ಶುರುವಾಗಿತ್ತು. ಏಳೆಣಿಸುವಷ್ಟು ಹೊತ್ತು ಕೈ ಇಡಲು ಆಗದಿದ್ದರೆ ಅವನ ಅಂಗಾಲೂ ತಡೆಯುವುದಿಲ್ಲ ಅಂತ ಲೆಕ್ಕ. ನಮ್ಮ ಹಾಗೆ ಮೈಯೆಲ್ಲ ಬೆವರಿ ತಣಿಯುವ ಪ್ರಾಣಿ ಅಲ್ಲವಲ್ಲ, ಏದುಸಿರೇ ಅವನ ಫ್ಯಾನು. ನಾಲಿಗೆಯ ತುದಿ ಅಗಲವಾಗಿ ಪಕ್ಕಕ್ಕೆ ಜೋತುಬಿದ್ದರೆ ಅಲ್ಲೇ ನಿಲ್ಲಿಸಿಬಿಡಬೇಕು. ಆ ಗುರುತು ಈಗ ನನಗೆ ದೂರದಿಂದಲೇ ಗೊತ್ತಾಗುತ್ತದೆ. ಕೆಳಗೆ ಹುಣಸೆ ಮರದ ನೆರಳಲ್ಲಿ ಬಿಸಿಲು ಇಳಿಯುವವರೆಗೆ ಮೂವರೂ ಬಿದ್ದುಕೊಂಡೆವು.

ಆ ಹೊತ್ತಿನಲ್ಲೇ ಸರದಿ ಮೇಲೆ ಹೋಗಿ ಶಾಸನ ನೋಡಿ ಬಂದೆವು, ಒಬ್ಬರು ನಾಯಿ ಹತ್ತಿರ. ಹಿಂದೆ ಊರವರು ಅಕ್ಷರ ಗುಂಡು ಅನ್ನುತ್ತಿದ್ದ ಬಂಡೆ. 1892ರಲ್ಲಿ ಬಿ.ಎಲ್. ರೈಸ್ ಕಂಡುಹಿಡಿದದ್ದು ಅಂತ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದರಲ್ಲ. ಅದರ ಶುರು ಹೇಗಿದೆ ಗೊತ್ತಾ? ಸುವರ್ಣಗಿರಿಯಿಂದ ಇಸಿಲ ಅನ್ನುವ ಊರಿನ ಅಧಿಕಾರಿಗಳಿಗೆ ಮೊದಲು ಆರೋಗ್ಯ ವಿಚಾರಿಸಿ, ಆಮೇಲೆ ರಾಜನ ಮಾತು. ಎರಡು ಸಾವಿರದ ಇನ್ನೂರು ವರ್ಷಗಳ ಹಿಂದಿನ ಸರ್ಕಾರಿ ಆದೇಶದಲ್ಲೂ 'ಕ್ಷೇಮವೇ' ಅಂತ ಕೇಳಿದ್ದಾರೆ. ನೀನು ವಾಟ್ಸಾಪಿನಲ್ಲಿ 'ನಾಯಿ ರೆಡಿ ಇಡು' ಅಂತ ಕಳಿಸುತ್ತೀಯ. ಅಪ್ಪ ಅಮ್ಮನ ಮಾತು ಕೇಳಬೇಕು, ಪ್ರಾಣಿಗಳ ಮೇಲೆ ದಯೆ ಇರಬೇಕು ಅಂತಲೂ ಅದರಲ್ಲೇ ಇದೆ. ಬರೆದವನು ಚಪಡ, ತನ್ನ ಕಸುಬನ್ನು ಮಾತ್ರ ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದುಕೊಂಡಿದ್ದಾನೆ. ಈ ಕಡೆ ಯಾರೂ ಓದಲಾಗದ ಲಿಪಿಯಲ್ಲಿ ಒಂದು ಗತ್ತು ತೋರಿಸಿದ್ದಾನೆ ಅನ್ನಿಸಿತು. ನನಗೆ ಇಡೀ ಶಾಸನದಲ್ಲಿ ಇಷ್ಟವಾದವನು ಅವನೇ.

ಸಂಜೆ ಜಟಿಂಗ ರಾಮೇಶ್ವರ. ಇದು ದೊಡ್ಡ ಬೆಟ್ಟ, ಸಮುದ್ರಮಟ್ಟದಿಂದ 3,400 ಅಡಿಗೂ ಮೇಲೆ. ಮೆಟ್ಟಿಲಿದೆ, ಆದ್ದರಿಂದ ಬೇಗ ಹೇಳಿ ಮುಗಿಸುತ್ತೇನೆ. ಸೀತೆಯನ್ನು ಬಿಡಿಸಲು ಹೋಗಿ ಜಟಾಯು ಬಿದ್ದ ಜಾಗ ಇದೇ ಅಂತ ಇಲ್ಲಿಯವರ ನಂಬಿಕೆ. ಇಲ್ಲೂ ಅಶೋಕನ ಶಾಸನ ಇದೆ, ಜಾತ್ರೆಯಲ್ಲಿ ಬಳೆಗಾರರು ಅಂಗಡಿ ಹೂಡುತ್ತಿದ್ದ ಗುಂಡಿನ ಹತ್ತಿರ, ತುಂಬಾ ಸವೆದಿದೆ. ತಿಪ್ಪ ದೇವಸ್ಥಾನಕ್ಕೆ ಹೋದ. ನಾನೂ ಕೆಂಚನೂ ಹೊರಗೇ, ಬಂಡೆಗೆ ಒರಗಿ. ದರ್ಶನ ಮುಗಿಸಿ ಬಂದ ಅಜ್ಜಿಯೊಬ್ಬರು ಮಂಡಕ್ಕಿ ಕೊಟ್ಟರು, ನನಗೊಂದು ಮುಷ್ಟಿ, ಅವನಿಗೊಂದು ಮುಷ್ಟಿ. "ನುಂಕೆಮಲೆ ಬೆಟ್ಟಕ್ಕೆ ಕರ್ಕೊಂಡು ಹೋಗಪ್ಪ, ಅಲ್ಲಿರೋದು ಭೈರವ, ಅವನ ವಾಹನ ಅಲ್ವಾ" ಅಂದರು. ಬೆಳಕಿರುವಾಗಲೇ ಇಳಿದೆವು, ಕಾರಣ ಬೆಳಗ್ಗೆ ಹೇಳಿದ್ದೇ.

ಮನೆಗೆ ಬಂದ ಮೇಲೆ ಒಂದು ಗಂಟೆ ಕೆಲಸ. ಕಿವಿಯೊಳಗೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಉಣ್ಣಿ ಹುಡುಕಬೇಕು. ಹುಲ್ಲಿನ ಊಬು ಅದಕ್ಕಿಂತ ಕೆಟ್ಟದ್ದು, ಚರ್ಮದೊಳಗೆ ಹೊಕ್ಕರೆ ಮುಂದೆ ಮುಂದೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಬಲ ಮುಂಗಾಲಿನ ಎರಡು ಬೆರಳ ನಡುವೆ ಒಂದು ಸಿಕ್ಕಿತು. ತಿಪ್ಪ ಟಾರ್ಚ್ ಹಿಡಿದ, ಅಮ್ಮ ತಲೆ ಹಿಡಿದಳು, ನಾನು ಚಿಮಟದಲ್ಲಿ ಎಳೆದೆ. ಅವನು ಹಲ್ಲು ತೋರಿಸಲಿಲ್ಲ. ನೀನು ಬಿಟ್ಟು ಹೋದಾಗ ಉಗುರು ಕತ್ತರಿಸಲು ಹೋದರೆ ಕಚ್ಚಲು ಬರುತ್ತಿದ್ದವನು.

ನಾನು ಹೇಳಬೇಕಿರುವುದು ಇಷ್ಟೇ ಸೀನ. ಈ ನಾಯಿಗೆ ಈಗ ಬೆಳಗ್ಗೆ ಸಂಜೆ ಲಿಫ್ಟಿನಲ್ಲಿ ಇಳಿದು ಪಾರ್ಕಿಂಗ್ ಸುತ್ತು ಹಾಕಿದರೆ ಸಾಲುವುದಿಲ್ಲ. ನೀನು ಆಫೀಸಿಗೆ ಹೋದ ಹತ್ತು ಗಂಟೆ ಅವನು ಬಾಲ್ಕನಿಯಲ್ಲಿ ಏನು ಮಾಡಬೇಕು? ನಿನಗೆ ಅವನ ಮೇಲೆ ಪ್ರೀತಿ ಇಲ್ಲ ಅಂತಲ್ಲ, ಇದೆ ಅಂತಲೇ ಬರೆದದ್ದು. ಇಲ್ಲೇ ಇರಲಿ, ನೀನು ಬರುತ್ತಾ ಹೋಗುತ್ತಾ ಇರು. ಆಗಲ್ಲ, ನನಗೆ ಬೇಕೇ ಬೇಕು ಅಂದರೆ ಫೋನಿನಲ್ಲಿ ಹೇಳಬೇಡ, ಬಂದು ಅಮ್ಮನ ಎದುರಿಗೆ ಹೇಳು. ನಾನು ನಡುವೆ ಬರುವುದಿಲ್ಲ.

ಡಿಸೆಂಬರ್ ತನಕ ಕಾಯಬೇಡ. ಕಾರ್ತಿಕ ಮುಗಿಯುವುದರೊಳಗೆ ಬಾ, ದೊಣೆಗಳಲ್ಲಿ ಇನ್ನೂ ನೀರಿರುತ್ತದೆ, ನುಂಕೆಮಲೆಗೆ ಹೋಗೋಣ. ಒಳ್ಳೆಯ ಶೂ ಹಾಕಿಕೊಂಡು ಬಾ, ಹೋದ ಸಲದ ಆ ನುಣ್ಣನೆ ಸೋಲಿನದು ಬೇಡ. ಇನ್ನೊಂದು, ಅಲ್ಲಿ ದೊಡ್ಡ ಅಂಗಡಿಗಳಲ್ಲಿ ಎದೆ ಸುತ್ತ ಹಾಕುವ ಬೆಲ್ಟ್ ಸಿಗುತ್ತದಲ್ಲ, ಬೆನ್ನ ಮೇಲೆ ಹಿಡಿ ಇರುವುದು, ಅದನ್ನೊಂದು ತಗೊಂಡು ಬಾ. ದೊಡ್ಡ ಸೈಜು. ಮೀಡಿಯಂ ಈಗ ಅವನಿಗೆ ಆಗುವುದಿಲ್ಲ.

ನಿನ್ನ,
ಮಂಜ
ಚಿತ್ರದುರ್ಗ