ಕಾವೇರಿಯ ಗೂನುಬೆನ್ನಿನ ಮೀನು

ಮಳವಳ್ಳಿ

ಚಿ. ಸುಮಾಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ನಿನ್ನ ಕಾಗದದ ಉಳಿದ ಸಂಗತಿಗಳಿಗೆ ದೊಡ್ಡಮ್ಮ ಉತ್ತರ ಬರೆಯುತ್ತಾಳೆ. ‘ನಾನು ಓದು ಮುಗಿಸುವಷ್ಟರಲ್ಲಿ ಆ ಮೀನೇ ಇಲ್ಲವಾದರೆ?’ ಎಂದು ಕೊನೆಯಲ್ಲಿ ಕೇಳಿದ್ದೀಯಲ್ಲ, ನನ್ನ ಮನಸ್ಸು ಅಲ್ಲಿಂದ ಕದಲಿಲ್ಲ. ಹಾಗೇನೂ ಆಗದು ಎಂದು ಬರೆದು ಸುಮ್ಮನಾಗಬಹುದಿತ್ತು. ಆದರೆ ಗೂನುಬೆನ್ನಿನ ಮಹಶೀರ್ ಕಾವೇರಿ ಮತ್ತು ಅದರ ಉಪನದಿಗಳಲ್ಲಲ್ಲದೆ ಬೇರೆಲ್ಲೂ ಇಲ್ಲವೆಂಬುದು ನಿನಗೇ ಗೊತ್ತು.

ನನ್ನನ್ನು ಕಾಡುವುದು ಅದು ಕಣ್ಮರೆಯಾಗುತ್ತಿರುವ ರೀತಿ. ಹೊಳೆ ಬರಿದಾಗಿದ್ದರೆ ಯಾರಾದರೂ ಕೂಗೆಬ್ಬಿಸುತ್ತಿದ್ದರು. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದಲ್ಲಿ ಸಾಕಿದ ನೀಲಿ ಈಜುರೆಕ್ಕೆಯ ಮಹಶೀರ್ ಮರಿಗಳನ್ನು, ಒಳ್ಳೆಯ ಉದ್ದೇಶದಿಂದಲೇ, ಹಲವು ನದಿಗಳಿಗೆ ಬಿಟ್ಟರು, ಕಾವೇರಿಗೂ ಬಿಟ್ಟರು. ಕಾವೇರಿ ದಡದ ಗಾಳಿಬೋರೆಯಲ್ಲಿ ಗಾಳ ಹಾಕುತ್ತಿದ್ದವರು 1998ರಿಂದ 2012ರವರೆಗೆ ಇಟ್ಟ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದಾಗ, ಮಹಶೀರ್ ಒಟ್ಟಾರೆ ಹೆಚ್ಚುತ್ತಲೇ ಇತ್ತು. ಹೆಚ್ಚಿದ್ದು ಮಾತ್ರ ನೀಲಿ ರೆಕ್ಕೆಯದು, ಕೇಸರಿ ರೆಕ್ಕೆಯ ನಮ್ಮ ಮೀನು ಕರಗಿಹೋಗಿತ್ತು. ಮನೆ ತುಂಬ ಜನರಿದ್ದೂ ಮನೆಯವರೇ ಇಲ್ಲದ ಹಾಗೆ.

ಹುಡುಗತನದಲ್ಲಿ ಮುತ್ತತ್ತಿಯ ಕೆಳಗಿನ ಮಡುವಿನಲ್ಲಿ, ಬೇಸಿಗೆಯ ನೀರು ತಿಳಿಯಾಗಿದ್ದಾಗ, ಅದು ಬಂಡೆಯ ನೆರಳಿನಿಂದ ಹೊರಬಂದು ಮೈ ತಿರುಗಿಸಿದ್ದನ್ನು ಕಂಡಿದ್ದೇನೆ: ಕಣ್ಣಿನ ಹಿಂದಿನಿಂದಲೇ ಏರುವ ಬೆನ್ನು, ಅಂಗೈಯಗಲದ ಹುರುಪೆ, ಬಾಲದ ಕೇಸರಿ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ 120 ಪೌಂಡಿನದನ್ನು ಹಿಡಿದರೆಂದು ಹಿರಿಯರು ಹೇಳಿದರೆ ನಮಗೆ ಅಚ್ಚರಿಯೂ ಆಗುತ್ತಿರಲಿಲ್ಲ. ಹೊಳೆಯಲ್ಲಿ ಮೀನು ಕೊಲ್ಲಲು ಎಸೆದ ಸಿಡಿಮದ್ದಿನ ತೋಟೆ ಸಿಡಿದ ಸದ್ದು ಕೇಳಿದರೆ ಸಾರಿಗೆ ಮೀನು ಬಂತೆಂದೇ ತಿಳಿಯುತ್ತಿದ್ದೆವು. ಅದು ಯಾವ ಮಡುವಿನಲ್ಲಿ ತಂಗುತ್ತದೆ, ಮುಂಗಾರಿನ ಹೊಸ ನೀರಿಗೆ ಎತ್ತ ಏರುತ್ತದೆ ಎಂಬುದನ್ನೆಲ್ಲ ಹರಿಗೋಲಿನವರು ಬಲ್ಲವರಾಗಿದ್ದರು. ಕೇಳಿ ಬರೆದಿಡಬೇಕೆಂದು ನಮ್ಮಲ್ಲಿ ಯಾರಿಗೂ ತೋಚಲಿಲ್ಲ. ಅವರಲ್ಲಿ ಬಹುಮಂದಿ ಈಗಿಲ್ಲ.

ಮತ್ತೆ ನಿನ್ನ ಹೆದರಿಕೆಗೇ ಬರುತ್ತೇನೆ. ಆ ಮೀನಿಗೆ ವೈಜ್ಞಾನಿಕ ಹೆಸರು ನಿಶ್ಚಯವಾದದ್ದೇ 2018ರಲ್ಲಿ, ಕಾವೇರಿಯ ನೀರಿಗೇ ಸೇರುವ ಕೇರಳದ ಪಾಂಬಾರ್ ಹೊಳೆಯ ಮೀನೂ ಇದೂ ಒಂದೇ ಎಂದು ತಿಳಿದಾಗ. ಅಳಿವಿನ ತೀವ್ರ ಅಪಾಯದ ಪಟ್ಟಿಗೆ ಅದು ಸೇರಿದ್ದೂ ಅದೇ ವರ್ಷ. ಆದ್ದರಿಂದ ಓದು ಮುಗಿಯಲೆಂದು ಕಾಯಬೇಡ ಎನ್ನಬೇಕೆನಿಸುತ್ತದೆ, ಆದರೆ ನಿಮ್ಮ ಪರೀಕ್ಷೆಗಳ ವಿಚಾರ ನನಗೇನು ಗೊತ್ತು? ರಜೆಗೆ ಬಂದರೆ, ಉಳಿದಿರುವ ಒಬ್ಬಿಬ್ಬರು ಹರಿಗೋಲಿನ ಮುದುಕರಲ್ಲಿಗೆ ಕರೆದೊಯ್ಯುತ್ತೇನೆ. ಮೀನುಮರಿ ಬಿಡುವ ಕಾರ್ಯಕ್ರಮಕ್ಕೆ ಯಾರಾದರೂ ಕರೆದರೆ ಅದು ಯಾವ ಹೊಳೆಯ ಮರಿಯೆಂದು ಮೊದಲು ಕೇಳು, ಅಧಿಕಪ್ರಸಂಗವೆಂದುಕೊಂಡರೆ ಅಂದುಕೊಳ್ಳಲಿ. ಇನ್ನೊಂದು, ನಿನಗೆ ಹೇಳಬೇಕಾದದ್ದೇ ಅಲ್ಲ: ಮೇಲಿನಿಂದ ನೀರು ಬಿಟ್ಟರೆ ಮುತ್ತತ್ತಿಯಲ್ಲಿ ಹೊಳೆ ಹೇಳದೆ ಕೇಳದೆ ಏರುತ್ತದೆ, ಒಂಟಿಯಾಗಿ ಇಳಿಯಬೇಡ.

ಇಂತಿ,
ನಿನ್ನ ದೊಡ್ಡಪ್ಪ