ಮಗಳಿಗೊಂದು ಪತ್ರ: ಜ್ಞಾನತಾಯಿ ಆಗು ಅಂತ ಕೇಳಿದ್ದಾರಲ್ಲ

ಪುಟ್ಟೀ,

ನಿನ್ನ ವಾಟ್ಸಾಪ್ ಮೆಸೇಜ್ ಓದ್ದೆ. ಸಾಗರದ ಚಿಕ್ಕಮ್ಮನ ಮಗಳು ಅವಳ ಪಾಪು ಜ್ಞಾನಸ್ನಾನಕ್ಕೆ ನಿನ್ನನ್ನೇ ಜ್ಞಾನತಾಯಿ, ಅಂದ್ರೆ ಗಾಡ್‌ಮದರ್, ಆಗು ಅಂತ ಕೇಳಿದ್ದಾಳೆ, ನೀನು ನೋಡಿದ್ರೆ "ನಾನೇ ಭಾನುವಾರ ಚರ್ಚಿಗೆ ಪೂಜೆಗೆ ಸರಿಯಾಗಿ ಹೋಗ್ತಿಲ್ಲ, ನಂಗ್ಯಾಕಮ್ಮಾ ಇದೆಲ್ಲ, ಕ್ಯಾಂಡಲ್ ಹಿಡ್ಕೊಂಡು ಫೋಟೋಗೆ ನಿಲ್ಲೋದು ತಾನೆ, ಬೇರೆ ಯಾರಾದ್ರೂ ನಿಲ್ಲಲಿ" ಅಂದಿದೀಯ. ಫೋನಲ್ಲಿ ಹೇಳಿದ್ರೆ ಹೂಂ ಹೂಂ ಅಂತ ಇಟ್ಬಿಡ್ತೀಯ, ಅದಕ್ಕೆ ಬರೀತಿದೀನಿ. ಉದ್ದ ಆಯ್ತು ಅಂತ ಅರ್ಧಕ್ಕೇ ಬಿಡ್ಬೇಡ ಮಾರಾಯ್ತಿ.

ಮೊದ್ಲು ರೂಲ್ಸ್ ಹೇಳ್ಬಿಡ್ತೀನಿ. 1983ರ ಧರ್ಮಸಭೆ ಕಾನೂನಿನ ಪ್ರಕಾರ ಜ್ಞಾನತಂದೆ ಜ್ಞಾನತಾಯಿ ಆಗೋರಿಗೆ 16 ವರ್ಷ ತುಂಬಿರ್ಬೇಕು, ಪರಮಪ್ರಸಾದ (ಕಮ್ಯೂನಿಯನ್), ದೃಢೀಕರಣ (ಕನ್ಫರ್ಮೇಶನ್) ಎರಡೂ ಸಂಸ್ಕಾರ ಆಗಿರ್ಬೇಕು, ಮಗುವಿನ ಹೆತ್ತವರೇ ಆಗಿರ್ಬಾರ್ದು, ಮತ್ತೆ ವಿಶ್ವಾಸಕ್ಕೆ ತಕ್ಕ ಹಾಗೆ ಬದುಕ್ತಿರ್ಬೇಕು. ನಿಂಗೆ ಹೆದರಿಕೆ ಆಗಿರೋದು ಈ ಕೊನೇದಕ್ಕೆ ಅಂತ ಗೊತ್ತು. ಜೋಡಿನೇ ಬೇಕು ಅಂತೇನೂ ಇಲ್ಲ, ಒಬ್ರಿದ್ರೂ ಸಾಕು. ಪಾಪು ಮನೆಯವರು ಪ್ರಾಟೆಸ್ಟೆಂಟರ ಸಿಎಸ್ಐ ಚರ್ಚಿನ ಫ್ರೆಂಡ್ ಒಬ್ರನ್ನೂ ಕರೀಬೇಕು ಅಂತಿದ್ರು, ಅವರು ಸಾಕ್ಷಿಯಾಗಿ ನಿಲ್ಬಹುದು, ಆದ್ರೆ ಜೊತೆಗೆ ಕಥೋಲಿಕರು ಒಬ್ರು ಇರ್ಲೇಬೇಕು. ಈ ರೂಲ್ಸಲ್ಲಿ ಚಿನ್ನದ ಚೈನ್ ಹಾಕ್ಬೇಕು ಅಂತ ಎಲ್ಲೂ ಇಲ್ಲ. ಇತ್ತೀಚೆಗೆ ಜ್ಞಾನಸ್ನಾನ ಅಂದ್ರೆ ಹಾಲ್ ಬುಕ್ ಮಾಡೋದು, ಡಿಜೆ ಕರ್ಸೋದು, ಜ್ಞಾನತಾಯಿ ಎಷ್ಟು ಗ್ರಾಮಿಂದು ಹಾಕಿದ್ಲು ಅಂತ ನೋಡೋದು, ಇಷ್ಟೇ ಆಗೋಗಿದೆ. ನಂಗೆ ಸ್ವಲ್ಪವೂ ಸರಿ ಅನ್ಸಲ್ಲ. ನೀನು ಸಾಲ ಮಾಡಿ ಚೈನ್ ತರೋದಾದ್ರೆ ಬರ್ಲೇಬೇಡ.

ಈಗ ಅಲ್ಲಿ ನಡೆಯೋದೇನು ಅಂತ ಕೇಳು. ಬಾಗಿಲ ಹತ್ರನೇ ಫಾದರ್ ಮಗುವಿನ ಹಣೆ ಮೇಲೆ ಶಿಲುಬೆ ಗುರುತು ಹಾಕ್ತಾರೆ, ಆಮೇಲೆ ಅಪ್ಪ ಅಮ್ಮ, ಅವರಾದ್ಮೇಲೆ ನೀನು, ನಿನ್ನ ಹೆಬ್ಬೆರಳಲ್ಲಿ. ಮೂರು ಸಲ ನೀರು, ನೆತ್ತಿ ಮೇಲೆ ಕ್ರಿಸ್ಮ ತೈಲ, ಬಿಳಿ ಬಟ್ಟೆ, ಪಾಸ್ಖ ದೀಪದಿಂದ, ಅಂದ್ರೆ ಈಸ್ಟರಿನ ದೊಡ್ಡ ದೀಪದಿಂದ, ಹಚ್ಚಿದ ಮೇಣದಬತ್ತಿ. ಆ ತೈಲವನ್ನ ಈಸ್ಟರಿಗೆ ಮುಂಚಿನ ಪವಿತ್ರ ವಾರದ ಹೊತ್ತಿಗೆ ಬಿಷಪ್ ಆಶೀರ್ವದಿಸ್ತಾರೆ, ಅದು ಅಲ್ಲಿಂದ ಎಲ್ಲಾ ಧರ್ಮಕೇಂದ್ರಗಳಿಗೂ, ಅಂದ್ರೆ ಊರೂರಿನ ಚರ್ಚುಗಳಿಗೂ, ಹೋಗುತ್ತೆ. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ (ಒಬ್ಬ ಬಿಷಪ್ ನೋಡ್ಕೊಳ್ಳೋ ಪ್ರದೇಶ) ಆಗಿದ್ದು 1988ರಲ್ಲಿ, ಅದಕ್ಕೆ ಮುಂಚೆ ನಾವೆಲ್ಲ ಚಿಕ್ಕಮಗಳೂರಿಗೆ ಸೇರಿದ್ವಿ, ಇದು ನಿಂಗೆ ಗೊತ್ತಿರ್ಲಿಕ್ಕಿಲ್ಲ. ತೈಲ ಹಚ್ಚೋವಾಗ ಏನಂತಾರೆ ಗೊತ್ತಾ, ಕ್ರಿಸ್ತನ ಹಾಗೆ ನೀನೂ ಯಾಜಕ, ಪ್ರವಾದಿ, ರಾಜ ಅಂತ. ಹಾಲು ಕಕ್ಕೊಂಡು ಅಳ್ತಿರೋ ಮೂರು ತಿಂಗಳ ಕೂಸಿಗೆ ಹೇಳೋ ಮಾತದು! ನಿನ್ನ ನೆತ್ತಿಗೂ ಅದನ್ನೇ ಹಚ್ಚಿದ್ದು.

ಜೀವ ಹೋಗೋ ಹಾಗಿದ್ರೆ ಇಷ್ಟೆಲ್ಲ ಬೇಕಾಗೇ ಇಲ್ಲ. ಆಸ್ಪತ್ರೇಲಿ ನರ್ಸೇ ನೀರು ಹುಯ್ದು ಪಿತ, ಸುತ, ಪವಿತ್ರಾತ್ಮರ ಹೆಸರಲ್ಲಿ ಅಂದ್ರೆ ಆಯ್ತು. ಆ ನರ್ಸ್ ಕ್ರೈಸ್ತಳೇ ಆಗಿರ್ಬೇಕು ಅಂತಲೂ ಇಲ್ಲ, ಧರ್ಮಸಭೆ ಯಾಕೆ ಇದನ್ನ ಮಾಡುತ್ತೋ ಅದೇ ಮನಸ್ಸಿಂದ ಮಾಡಿದ್ರೆ ಸಾಕು. ನೀರು ಹುಯ್ಯೋದು ಒಂದು ನಿಮಿಷದ ಕೆಲ್ಸ. ಉಳಿದದ್ದಕ್ಕೆ ಒಂದು ಜನ್ಮ ಹಿಡಿಯುತ್ತೆ, ಜ್ಞಾನತಾಯಿ ಬೇಕಾಗೋದು ಆ ಉಳಿದದ್ದಕ್ಕೇ.

ಇನ್ನೊಂದಿದೆ, ನೀರು ಹುಯ್ಯೋಕೆ ಮುಂಚೆ ಪ್ರಶ್ನೆ ಕೇಳ್ತಾರೆ. ಸೈತಾನನನ್ನ ತ್ಯಜಿಸ್ತೀರಾ, ಅವನ ಕೆಲಸಗಳನ್ನೆಲ್ಲ ತ್ಯಜಿಸ್ತೀರಾ ಅಂತ. ಎಲ್ರೂ ಒಂದೇ ಉಸುರಿಗೆ "ತ್ಯಜಿಸುತ್ತೇನೆ" ಅಂದು ಮುಗಿಸ್ತಾರೆ. ಸೈತಾನ ಅಂದ್ರೆ ಕೊಂಬು ಬಾಲ ಇರೋ ಚಿತ್ರ ತಲೇಲಿದ್ರೆ ತ್ಯಜಿಸೋದು ಸುಲಭ ಬಿಡು. ನಂಗೆ ಆ ಪ್ರಶ್ನೆ ಅರ್ಥ ಆಗೋದು ಅಡಿಕೆ ಕೊಯ್ಲಲ್ಲಿ.

ಈಗ ಇಲ್ಲಿ ಅದೇ ಟೈಮು. ಸಂಜೆ ಆದ್ರೆ ಅಂಗಳದಲ್ಲಿ ಲೈಟ್ ಹಾಕೊಂಡು ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂತ್ಕೊಂಡು ಸುಲೀತಾರೆ, ಆಚೆ ಹಂಡೇಲಿ ಅಡಿಕೆ ಬೇಯಿಸೋ ಚೊಗರು ಕುದೀತಿರುತ್ತೆ, ರಾತ್ರಿ ಹತ್ತಾದ್ರೂ ಮುಗಿಯಲ್ಲ. ಕೂಲಿ ಡಬ್ಬದ ಲೆಕ್ಕ, ನಿಂಗೆ ನೆನಪಿದೆಯಲ್ಲ. ಈಗ ಡಬ್ಬ ಅಳೆಯೋದ್ರಲ್ಲೇ ಎಲ್ಲಾ ಇರೋದು. ಕೆಲವು ಕಡೆ ಸುಲಿದ ಅಡಿಕೆ ತುಂಬ್ತಾ ತುಂಬ್ತಾ ಡಬ್ಬನ ಎರಡು ಸಲ ಕುಕ್ಕಿ ಅಲ್ಲಾಡಿಸ್ತಾರೆ, ಅಡಿಕೆ ಕೆಳಗೆ ಕೂರುತ್ತೆ, ಮೇಲೆ ಇನ್ನೆರಡು ಬೊಗಸೆ ಹಿಡಿಯುತ್ತೆ, ಸಾಲದ್ದಕ್ಕೆ ಗೋಪುರದ ಹಾಗೆ ರಾಶಿ ಹಾಕಿ ಒಂದು ಡಬ್ಬ ಅಂತ ಬರ್ಕೋತಾರೆ. ಕೈಬೆರಳೆಲ್ಲ ಕಪ್ಪಾಗಿ ಸೊಂಟ ನೋವು ಅಂತ ಕೂತಿರೋ ಆ ಹೆಂಗಸು ಏನೂ ಹೇಳಲ್ಲ, ನಾಳೆನೂ ಕೆಲ್ಸಕ್ಕೆ ಬರ್ಬೇಕಲ್ಲ. ನಿಮ್ಮಪ್ಪ ಕುಕ್ಕಲ್ಲ. ತುಂಬಿ, ಅಂಗೈಲಿ ಬಾಯಿಮಟ್ಟಕ್ಕೆ ಸವರಿ, ಒಂದು ಅಂತಾರೆ. ಲೂಕನ ಶುಭಸಂದೇಶದಲ್ಲಿ ಯೇಸುಸ್ವಾಮಿ ಅದುಮಿ, ಅಲ್ಲಾಡಿಸಿ, ತುಂಬಿ ತುಳುಕೋ ಹಾಗೆ ಅಳೆಯೋ ಮಾತಾಡ್ತಾರಲ್ಲ, ಅದು ಕೊಡೋ ಕಡೆಯವರ ಅಳತೆ. ನಾವು ಅದನ್ನ ತಗೊಳ್ಳೋವಾಗ ಉಪಯೋಗಿಸ್ತೀವಿ! ನಿಮ್ಮಪ್ಪಂಗೆ ಬೈಬಲ್ ವಾಕ್ಯ ಎಲ್ಲ ಬಾಯಲ್ಲಿ ಬರಲ್ಲ, ಪೂಜೇಲಿ ಪ್ರಸಂಗ ಶುರುವಾದ್ರೆ ತೂಕಡಿಸ್ತಾರೆ, ಅದು ಬೇರೆ ವಿಷ್ಯ. ಆದ್ರೆ ತ್ಯಜಿಸುತ್ತೇನೆ ಅಂತ ಅವರು ನಿನ್ನ ಜ್ಞಾನಸ್ನಾನದ ದಿವ್ಸ ಹೇಳಿದ್ದನ್ನ ನಾನು ಡಬ್ಬದ ಹತ್ರ ನೋಡ್ತೀನಿ.

ನಿನ್ನ ಆಫೀಸಿನ ಕೆಲ್ಸ ನಂಗೆ ಅರ್ಥ ಆಗಲ್ಲ, ಆದ್ರೆ ಅಲ್ಲೂ ಒಂದು ಡಬ್ಬ ಇದ್ದೇ ಇರುತ್ತೆ. ಜೊತೆಯವಳು ಮಾಡಿದ ಕೆಲ್ಸಕ್ಕೆ ಮೀಟಿಂಗಲ್ಲಿ ನಿನ್ನ ಹೆಸರು ಬಂದಾಗ ಸುಮ್ನೆ ಇರ್ತೀಯೋ, ಇಲ್ಲ ಅದು ಅವಳು ಮಾಡಿದ್ದು ಅಂತೀಯೋ. ಪಿಜಿಲಿ ಪಾತ್ರೆ ತೊಳೆಯೋಕೆ ಬರೋ ಅಕ್ಕನ ಹೆಸರು ನಿಂಗೆ ಗೊತ್ತಾ? ಪೂಜೆಗೆ ಹೋಗೋದಕ್ಕೂ ಇದಕ್ಕೂ ಏನ್ ಸಂಬಂಧ ಅಂತ ಕೇಳ್ಬೇಡ, ಪರಮಪ್ರಸಾದ ತಗೊಂಡ ಬಾಯಲ್ಲೇ ತಾನೆ ಸೋಮವಾರ ಮಾತಾಡೋದು. ಹಾಗಂತ ಒಳ್ಳೇತನ ಇದ್ರೆ ಸಾಕು, ಚರ್ಚ್ ಬೇಡ ಅಂತ ಅಮ್ಮನೇ ಹೇಳಿದ್ಲು ಅಂದ್ಕೋಬೇಡ. ಭಾನುವಾರ ಹೋಗ್ಲೇಬೇಕು. ಒಬ್ಳೇ ಕೂತು ಒಳ್ಳೆಯವಳಾಗಿರೋಕೆ ಎಷ್ಟು ದಿವ್ಸ ಆಗುತ್ತೆ, ಹಸಿವಾದೋರು ಊಟಕ್ಕೆ ಹೋಗ್ಬೇಕು ತಾನೆ. ಶಿವಾಜಿನಗರದ ಮರಿಯಮ್ಮನವರ ಬಸಿಲಿಕದಲ್ಲಿ ಕನ್ನಡ ಪೂಜೆ ಇದೆ, ಪಿಜಿ ಹತ್ರ ಇಂಗ್ಲಿಷ್ ಪೂಜೆ ಆದ್ರೂ ಸರಿ. ಹೋಗದೆ ತುಂಬಾ ದಿವ್ಸ ಆಗಿದ್ರೆ ಮೊದ್ಲು ಪಾಪನಿವೇದನೆ ಮಾಡ್ಕೊ, ಫಾದರ್ ಬೈತಾರೆ ಅಂತೆಲ್ಲ ಯೋಚ್ನೆ ಬೇಡ, ಬಂದ್ಯಲ್ಲಾ ಅಂತ ಅವರಿಗೆ ಖುಷಿನೇ.

ಸಂತರು ಅಂದ್ರೆ ಫಾದರ್, ಸಿಸ್ಟರ್, ಬಿಷಪ್ಪುಗಳೇ ಅಂತ ನೀನು ಚಿಕ್ಕವಳಿದ್ದಾಗ ವಾದ ಮಾಡ್ತಿದ್ದೆ. 2022ರ ಮೇ 15ಕ್ಕೆ ಪೋಪ್ ಫ್ರಾನ್ಸಿಸ್ ಸಂತ ಅಂತ ಘೋಷಿಸಿದ ದೇವಸಹಾಯಂ ಪಿಳ್ಳೆ ಇದ್ದಾರಲ್ಲ, ಅವರು ಮದ್ವೆ ಆಗಿದ್ದವರು, ತಿರುವಾಂಕೂರು ಅರಮನೇಲಿ ನೌಕರಿ. ಡಚ್ಚರ ಕ್ಯಾಪ್ಟನ್ ಡಿ ಲನಾಯ್ ಕೊಳಚ್ಚಲ್ ಯುದ್ಧದಲ್ಲಿ ಸಿಕ್ಕಿಬಿದ್ದು ಆಮೇಲೆ ಅದೇ ರಾಜರ ಹತ್ರ ಕೆಲ್ಸಕ್ಕಿದ್ದ, ಅವನ ಸ್ನೇಹದಿಂದ ಯೇಸುಸ್ವಾಮಿ ವಿಷ್ಯ ಗೊತ್ತಾಗಿ 1745ರಲ್ಲಿ ಜ್ಞಾನಸ್ನಾನ ತಗೊಂಡ್ರು. ಆಮೇಲೆ ಮಠ ಸೇರ್ಲಿಲ್ಲ. ಮೇಲ್ಜಾತಿಯ ಮನುಷ್ಯ, ಕೆಳಜಾತಿ ಅಂತ ದೂರ ಇಟ್ಟವರ ಜೊತೆ ಕೂತ್ಕೊಂಡ್ರು, ಬೆರೆತ್ರು. ಅದನ್ನ ಸಹಿಸ್ಕೊಳ್ಳೋಕೆ ಆಗ್ಲಿಲ್ಲ ಸುತ್ತಲಿನವರಿಗೆ. ಹಿಡಿದು ಹಿಂಸೆ ಕೊಟ್ಟು 1752ರಲ್ಲಿ ಗುಂಡಿಟ್ಟು ಕೊಂದ್ರು. ನಮ್ಮ ದೇಶದ ಗೃಹಸ್ಥರಲ್ಲಿ ಸಂತ ಪದವಿ ಸಿಕ್ಕಿದ್ದು ಮೊದ್ಲು ಅವರಿಗೇ. ಈಗಲೂ ನಮ್ಮ ಚರ್ಚುಗಳ ಒಳಗೇ ಜಾತಿ ನೋಡಿ ಸಂಬಂಧ ಮಾಡೋರಿದ್ದಾರೆ, ಅವರ ಮುಂದೆ ಈ ಸಂತರ ಕಥೆ ತೆಗೆದ್ರೆ ಮಾತು ತಿರುಗಿಸ್ತಾರೆ ನೋಡು.

ನಮಗೇನು ಗುಂಡು ಹೊಡೆಯೋರಿಲ್ಲ ಬಿಡು. ಈ ಕೇರಿಗೆ ನಮ್ಮದೊಂದೇ ಕ್ರೈಸ್ತರ ಮನೆ, ಅಂಗಡಿಗೆ ಹೋದ್ರೆ ಬಾಯಮ್ಮ ಬಂದ್ರು ಅಂತಾರೆ. ಭೂಮಿ ಹುಣ್ಣಿಮೆಗೆ ಪಕ್ಕದ ಮನೆಯಿಂದ ಕಡುಬು ಬರುತ್ತೆ, ಕ್ರಿಸ್ಮಸ್ಸಿಗೆ ಇಲ್ಲಿಂದ ಕುಸ್ವಾರ್ ತಿಂಡಿ ಹೋಗುತ್ತೆ. ಅವರ್ಯಾರೂ ಬೈಬಲ್ ಓದಿದವರಲ್ಲ, ಓದೋದೂ ಇಲ್ಲ, ಬಾಯಮ್ಮ ಬಾಣಂತಿ ನೋಡೋಕೆ ಬಂದ್ರಾ, ಜಗಳದಲ್ಲಿ ಯಾರ ಪರ ಮಾತಾಡಿದ್ರು, ಕೊಟ್ಟ ಕಾಸು ವಾಪಸ್ ಮಾಡಿದ್ರಾ, ಅವರು ನೋಡೋದು ಇದನ್ನ.

ಆ ಮಗುನೂ ನಿನ್ನನ್ನ ಹಾಗೇ ನೋಡುತ್ತೆ. ನಿನ್ನ ಜ್ಞಾನತಾಯಿ ಏನ್ ಮಾಡಿದ್ರು ಅಂತ ಯೋಚ್ನೆ ಮಾಡು, ನೀನು ಹುಟ್ಟಿದ ದಿನ ಅವರಿಗೆ ಮರೆತೋಗ್ತಿತ್ತು, ಜ್ಞಾನಸ್ನಾನದ ದಿನ ಮಾತ್ರ ಒಂದ್ಸಲವೂ ಮರೀಲಿಲ್ಲ, ಬಸ್ಸಲ್ಲಿ ಬಂದು ಹಣೆಗೆ ಶಿಲುಬೆ ಗುರುತು ಹಾಕಿ ನಿಪ್ಪಟ್ಟು ಕೊಟ್ಟು ಹೋಗ್ತಿದ್ರು. ಜ್ಞಾನಸ್ನಾನದ ದಿನಾಂಕ ಗೊತ್ತಿರ್ಬೇಕು ಅಂತ ಪೋಪ್ ಫ್ರಾನ್ಸಿಸ್ ಕೂಡ ಜನರಿಗೆ ಎಷ್ಟೋ ಸಲ ಹೇಳಿದ್ರು. ನಿಂಗೂ ಅಷ್ಟು ಮಾಡೋಕಾಗುತ್ತೆ. ದಿನಾ ಮಲಗೋ ಮುಂಚೆ ಆ ಮಗುವಿನ ಹೆಸರಲ್ಲಿ ಒಂದು "ನಮೋ ಮರಿಯಾ" ಹೇಳು, ಅಜ್ಜಿ ಹಾಗೆ ಪೂರ್ತಿ ತೇರ್ಸ್ (ಜಪಮಾಲೆ ಪ್ರಾರ್ಥನೆ) ಆಗ್ದಿದ್ರೂ ಪರವಾಗಿಲ್ಲ. ದೊಡ್ಡದಾಗಿ ಅದು ನಿನ್ನನ್ನ ಕಷ್ಟದ ಪ್ರಶ್ನೆ ಕೇಳಿದ್ರೆ ಫಾದರ್ ಹತ್ರ ಕೇಳು ಅಂತ ಸಾಗಹಾಕ್ಬೇಡ, ಕೂತು ಮಾತಾಡು. ಇದೆಲ್ಲ ಆಗಲ್ಲ ಅನ್ಸಿದ್ರೆ ಅದನ್ನೂ ಚಿಕ್ಕಮ್ಮನ ಮಗಳಿಗೆ ನೇರವಾಗಿ ಹೇಳು, ಬೇಜಾರು ಮಾಡ್ಕೊಳ್ಳಲ್ಲ. ಆದ್ರೆ ಫೋಟೋಗೆ ನಿಲ್ಲೋದಷ್ಟೇ ಅಂತ ಮಾತ್ರ ಒಪ್ಕೋಬೇಡ.

ಬುಧವಾರದೊಳಗೆ ಏನಂತ ಹೇಳ್ಬಿಡು, ಅವರು ಫಾದರ್ ಹತ್ರ ಹೆಸರು ಕೊಡ್ಬೇಕಂತೆ. ನಿನ್ನ ದೃಢೀಕರಣದ ಸರ್ಟಿಫಿಕೇಟ್ ಬೀರುವಲ್ಲಿರೋ ಹಸಿರು ಫೈಲಲ್ಲಿದೆ, ನಾನೇ ತರ್ತೀನಿ. ಬರೋದಾದ್ರೆ ತಾಳಗುಪ್ಪ ಟ್ರೈನಿಗೆ ಈಗ್ಲೇ ಟಿಕೆಟ್ ಮಾಡ್ಸು, ಶುಕ್ರವಾರ ರಾತ್ರಿದು ಬೇಗ ಖಾಲಿಯಾಗುತ್ತೆ. ಸಾಗರ ಸ್ಟೇಷನ್ನಿಗೆ ಅಪ್ಪ ಬರ್ತಾರೆ, ಸ್ವೆಟರ್ ತಗೊಂಡು ಬಾ, ಬೆಳಿಗ್ಗೆ ಸಿಕ್ಕಾಪಟ್ಟೆ ಚಳಿ.

ಅಮ್ಮ