ಸರಾಸರಿಯ ಜೊತೆಗೆ ಹಂಚಿಕೆಯೂ ಕಾಣಲಿ

ಮಾನ್ಯ ಸಂಪಾದಕರೇ,

ಅಂಕಿಅಂಶಗಳ ಚರ್ಚೆಯನ್ನು ಸರಾಸರಿಯೊಂದರಲ್ಲೇ ಮುಗಿಸುವ ರೂಢಿ ನನಗೆ ಕಳವಳ ತರುತ್ತದೆ. ಕೋಷ್ಟಕದ ಕಾಲಂ ಒಂದರ ಸಾವಿರಾರು ಸಂಖ್ಯೆಗಳು ಹೇಗೆ ಹರಡಿಕೊಂಡಿವೆ ಎಂಬುದನ್ನು, ಅವುಗಳನ್ನು ವರ್ಗಗಳಾಗಿ ವಿಂಗಡಿಸಿ ತೋರಿಸುವ ಹಿಸ್ಟೋಗ್ರಾಂ ಎಂಬ ಸ್ತಂಭಚಿತ್ರ ರಚಿಸಲು ದುಬಾರಿ ತಂತ್ರಾಂಶವೇನೂ ಬೇಕಿಲ್ಲ. 1977ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್ ಸಂಶೋಧನಾಲಯದಲ್ಲಿ ರೂಪುಗೊಂಡ ‘ಆಕ್’ (awk) ಎಂಬ, ಟೈಪ್ ಮಾಡಿದ ಆದೇಶಗಳಿಂದ ನಡೆಯುವ ಕಮಾಂಡ್ ಲೈನ್ ಸಾಧನವು ಕಡತವನ್ನು ಸಾಲುಸಾಲಾಗಿ ಓದಿ, ಆಯ್ದ ಕಾಲಂನ ಮೌಲ್ಯವನ್ನು ನಾವು ಕೊಟ್ಟ ವರ್ಗಾಂತರದಿಂದ (ಅಂದರೆ ಪ್ರತಿ ವರ್ಗದ ಅಗಲದಿಂದ) ಭಾಗಿಸಿ, ಅದು ಸೇರುವ ವರ್ಗದ ಎಣಿಕೆಯನ್ನು ಹೆಚ್ಚಿಸುತ್ತಾ ಹೋಗಬಲ್ಲದು. ಎಣಿಕೆಗಳನ್ನಷ್ಟೇ ಉಳಿಸಿಕೊಳ್ಳುವುದರಿಂದ ಕಡತ ಎಷ್ಟೇ ದೊಡ್ಡದಾದರೂ ಮೆಮೊರಿ ತುಂಬುವುದಿಲ್ಲ. ಆದರೆ ಎಚ್ಚರ ಅಗತ್ಯ. ವರ್ಗಾಂತರ 1 ಇದ್ದಾಗ ದಶಮಾಂಶ ಭಾಗವನ್ನು ಸುಮ್ಮನೆ ಕತ್ತರಿಸಿದರೆ −0.5 ಮತ್ತು 0.5 ಎರಡೂ ಸೊನ್ನೆಯ ವರ್ಗಕ್ಕೇ ಬಿದ್ದು, ಆ ವರ್ಗ ಮಾತ್ರ ಉಳಿದವುಗಳಿಗಿಂತ ಅಗಲವಾಗುತ್ತದೆ. ಖಾಲಿ ಬಿಟ್ಟ ಮೌಲ್ಯಗಳೂ ಲೆಕ್ಕದಲ್ಲಿ ಸೊನ್ನೆಯಾಗಿ, ಇಲ್ಲದ ಶಿಖರವೊಂದು ಏಳುತ್ತದೆ. ಅಂಕಿಅಂಶ ಪ್ರಕಟಿಸುವವರು ತಾವು ಬಳಸಿದ ವರ್ಗಾಂತರವನ್ನೂ, ಕೈಬಿಟ್ಟ ಸಾಲುಗಳ ಸಂಖ್ಯೆಯನ್ನೂ ತಪ್ಪದೆ ತಿಳಿಸಬೇಕೆಂದು ಕೋರುತ್ತೇನೆ.

– ಓರ್ವ ಓದುಗ